ಡಿಸೆಂಬರ್‌ನಲ್ಲಿ ನಾಲ್ಕು ದಿನ ಉತ್ತರ ಕನ್ನಡ: ಗೋಕರ್ಣ, ಯಾಣ, ಮುರುಡೇಶ್ವರ, ಜೋಗ, ಬನವಾಸಿ, ದಾಂಡೇಲಿ ಎಲ್ಲಾ ಆಗುತ್ತಾ?

ರಾಜಾಜಿನಗರ_ಪಯಣಿಗ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಉತ್ತರ ಕನ್ನಡಕ್ಕೆ ಹೋಗೋ ಯೋಚನೆ ಇದೆ. ಗುರುವಾರ ರಾತ್ರಿ ಬೆಂಗಳೂರು ಬಿಟ್ಟು ಮಂಗಳವಾರ ಬೆಳಿಗ್ಗೆ ವಾಪಸ್, ಅಂದ್ರೆ ಕೈಗೆ ಸಿಗೋದು ಪೂರ್ತಿ ನಾಲ್ಕು ದಿನ. ಒಟ್ಟು ಆರು ಜನ: ನಾವಿಬ್ಬರು, ಅಪ್ಪ, ಅಮ್ಮ, 6 ಮತ್ತು 11 ವರ್ಷದ ಇಬ್ಬರು ಮಕ್ಕಳು. ಅಪ್ಪನಿಗೆ 70 ದಾಟಿದೆ, ಮಂಡಿ ನೋವಿದೆ. ಮೆಟ್ಟಿಲು ಹತ್ತುತ್ತಾರೆ, ಆದರೆ ನಿಧಾನ.

ಪಟ್ಟಿ ಶೀರ್ಷಿಕೆಯಲ್ಲೇ ಇದೆ. ಕಾರಿನಲ್ಲಿ ಹೋಗೋದಾ, ರೈಲಾ? ಎಲ್ಲಿ ಉಳಿಯೋದು? ಯಾವುದನ್ನು ಬಿಡಬಹುದು?

ಕುಮಟೆ_ಗಾಳಿ
ದಾಂಡೇಲಿ ಮೊದಲು ತೆಗೀರಿ. ಅದು ಜಿಲ್ಲೆಯ ಇನ್ನೊಂದು ತುದಿ, ಕಾಳಿ ನದಿಯ ಲೋಕವೇ ಬೇರೆ.

ಉಳಿದದ್ದಕ್ಕೆ ಕುಮಟಾದಲ್ಲಿ ಒಂದೇ ಕಡೆ ರೂಮು ಮಾಡಿ, ದಿನಾ ಪೆಟ್ಟಿಗೆ ಕಟ್ಟೋ ಕೆಲಸ ತಪ್ಪುತ್ತೆ. ಅಲ್ಲಿಂದ ಅಂದಾಜು ದೂರ: ಮಿರ್ಜಾನ್ ಕೋಟೆ 11 ಕಿ.ಮೀ, ಗೋಕರ್ಣ 30ರ ಆಸುಪಾಸು, ಯಾಣ 30, ಹೊನ್ನಾವರ 20, ಮುರುಡೇಶ್ವರ 45–50, ಶಿರಸಿ 60. ನಕ್ಷೆ ಹೇಳೋ ಸಮಯಕ್ಕೆ ಘಟ್ಟದಲ್ಲಿ ಅರ್ಧದಷ್ಟು ಸೇರಿಸಿ, ಹೆದ್ದಾರಿಯಲ್ಲಿ ಕಾಲು ಭಾಗ ಸೇರಿಸಿ.

ನದಿ ಹಿಡಿದು ಯೋಚನೆ ಮಾಡಿದ್ರೆ ಇಲ್ಲಿ ಪ್ರವಾಸ ಸಲೀಸು. ಅಘನಾಶಿನಿ ಶಿರಸಿ ಕಡೆ ಹುಟ್ಟಿ ತದಡಿ ಹತ್ರ ಸಮುದ್ರ ಸೇರುತ್ತೆ. ಉಂಚಳ್ಳಿ ಜಲಪಾತ, ಮಿರ್ಜಾನ್ ಕೋಟೆ, ಗಜನಿ ಗದ್ದೆ (ಉಪ್ಪುನೀರು ನುಗ್ಗೋ ತಗ್ಗಿನ ಗದ್ದೆ), ಸಾಣಿಕಟ್ಟಾ ಉಪ್ಪಿನ ಆಗರ ಎಲ್ಲಾ ಅದರ ದಡದಲ್ಲೇ ಇವೆ, ಗೋಕರ್ಣವೂ ಅಳಿವೆಯ ಪಕ್ಕದಲ್ಲೇ. ಬೆಟ್ಟ, ಕಡಲು, ಇತಿಹಾಸ ಮೂರೂ ಒಂದೇ ಕಣಿವೆಯಲ್ಲಿ ಸಿಗುವಾಗ ಜಿಲ್ಲೆ ಪೂರ್ತಿ ಸುತ್ತೋದು ಯಾಕೆ?

ಅಲೆಗಾರ
ಗೋಕರ್ಣಕ್ಕೆ ಬಂದು ಕುಮಟಾದಲ್ಲಿ ಮಲಗೋದು ಅಂದ್ರೆ ಏನು ಮಾರಾಯ್ರೆ! ಕುಡ್ಲೆ ಬೀಚ್ ಬೆಳಿಗ್ಗೆ ಆರೂವರೆಗೆ ನೋಡಬೇಕು. ಹತ್ತು ಗಂಟೆ ಮೇಲೆ ಬಂದ್ರೆ ಬಿಸಿಲು, ಜನ ಎರಡೇ ಕಾಣೋದು. ಕಡೇ ಪಕ್ಷ ಒಂದು ರಾತ್ರಿ ಅಲ್ಲೇ ಉಳೀಲಿ.

ಕುಮಟೆ_ಗಾಳಿ
ಇಬ್ಬರೇ ಆಗಿದ್ರೆ ನಿಮ್ಮ ಮಾತಿಗೆ ನನ್ನದೂ ಓಟು. ಇಲ್ಲಿ ಮಂಡಿ ನೋವಿನ ಅಪ್ಪ ಇದ್ದಾರೆ. ಕುಡ್ಲೆ, ಓಂ ಎರಡಕ್ಕೂ ಮೇಲೆ ವಾಹನ ನಿಲ್ಲಿಸಿ ಮೆಟ್ಟಿಲಿಳೀಬೇಕು. ಇಳಿಯುವಾಗ ಏನೂ ಅನ್ಸಲ್ಲ, ಊಟ ಮಾಡಿ ಬಿಸಿಲಲ್ಲಿ ಹತ್ತುವಾಗ ಕಷ್ಟ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಓಂ ಕಡೆಯಿಂದ ಗುಡ್ಡದ ಕಾಲುದಾರಿ, ಇಲ್ಲಾ ದೋಣಿ. ಕಾಲುದಾರಿಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಸಣ್ಣ ಉರುಟು ಕಲ್ಲುಗಳಿರ್ತವೆ, ವಯಸ್ಸಾದವರ ಕಾಲು ಜಾರೋದು ಅಲ್ಲೇ.

ಹಿರಿಯರಿಗೆ ಸಮತಟ್ಟಾಗಿ ನಡೆಯೋಕೆ ಗೋಕರ್ಣದ ಮುಖ್ಯ ಬೀಚ್, ಕುಮಟಾದ ಬಾಡ, ಹೊನ್ನಾವರದ ಕಾಸರಕೋಡ ಆಗುತ್ತೆ. ಕಾಸರಕೋಡಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಸಿಕ್ಕಿದೆ. ಅಲ್ಲಿ ಶೌಚಾಲಯ, ಬಟ್ಟೆ ಬದಲಿಸೋ ಕೋಣೆ, ಸ್ನಾನಕ್ಕೆ ಸಿಹಿನೀರು ಎಲ್ಲಾ ಇದೆ. ಅಜ್ಜಿ, ಮೊಮ್ಮಕ್ಕಳು ಇಬ್ಬರಿಗೂ ಅನುಕೂಲ.

ಹಳಿ_ಜೋಡಿ
ಕಾರು ಬೇಡ, ರೈಲು. ಪಂಚಗಂಗಾ ಎಕ್ಸ್‌ಪ್ರೆಸ್ (16595) ಸಂಜೆ ಬೆಂಗಳೂರು ಬಿಟ್ಟು ಹಾಸನ, ಸುಬ್ರಹ್ಮಣ್ಯ ಮೇಲೆ ಕಾರವಾರಕ್ಕೆ ಹೋಗುತ್ತೆ. ಬೆಳಿಗ್ಗೆ ಕುಮಟಾದಲ್ಲಿ ಇಳಿಯಬಹುದು. ವಾಪಸ್ 16596 ಸಂಜೆ ಸಿಗುತ್ತೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತೆ. ಡಿಸೆಂಬರ್ ವಾರಾಂತ್ಯದ ಸೀಟು ಬೇಗ ಖಾಲಿಯಾಗೋದ್ರಿಂದ ತೆರೆದ ದಿನವೇ ಕೂತು ಮಾಡಿ. ಅಪ್ಪ ಅಮ್ಮನಿಗೆ ಕೆಳಗಿನ ಬರ್ತ್ ಬೇಕಿದ್ರೆ ಅವರಿಬ್ಬರದ್ದೇ ಬೇರೆ ಟಿಕೆಟ್ ತೆಗೀರಿ. ಹಿರಿಯರ ಕೋಟಾ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚಿದ್ರೆ ಅನ್ವಯಿಸಲ್ಲ.

ಇನ್ನೊಂದು ವಿಷಯ. ಗೋಕರ್ಣ ರೋಡ್ ಸ್ಟೇಷನ್ ಇರೋದು ಮಾದನಗೇರಿ ಹತ್ರ, ಊರಿಂದ ಸುಮಾರು 10 ಕಿ.ಮೀ ದೂರ. ಅಲ್ಲಿ ನಿಲ್ಲದ ರೈಲುಗಳು ಕುಮಟಾ, ಇಲ್ಲಾ ಅಂಕೋಲಾದಲ್ಲಿ ನಿಲ್ಲಬಹುದು. ಟಿಕೆಟ್ ಹುಡುಕುವಾಗ ಮೂರೂ ಸ್ಟೇಷನ್ ಹಾಕಿ ನೋಡಿ.

ಧಾರವಾಡ_ಪೇಢೆ
ಕಾರ್ ಯಾಕ ಬ್ಯಾಡ್ರೀ? ಆರು ಮಂದಿ ಅದಾರ, ಅಲ್ಲಿ ನಾಲ್ಕು ದಿನ ಬಾಡಿಗಿ ಗಾಡಿ ತಗೊಂಡ್ರ ಖರ್ಚು ಎಷ್ಟಾಗ್ತದ ವಿಚಾರ ಮಾಡ್ರಿ.

ಹಳಿ_ಜೋಡಿ
ಖರ್ಚು ಹತ್ತಿರ ಹತ್ತಿರ ಒಂದೇ ಆಗಬಹುದು, ಆದರೆ ಬೆಂಗಳೂರಿಂದ 460 ಕಿ.ಮೀ ರಾತ್ರಿ ಓಡಿಸಬೇಕು. ಶಿವಮೊಗ್ಗ–ಸಾಗರ ಮೇಲೆ ಬಂದ್ರೆ ನಿದ್ದೆ ಹೆಚ್ಚು ಎಳೆಯೋ ಬೆಳಗಿನ ಜಾವಕ್ಕೇ ಸರಿಯಾಗಿ ಗೇರುಸೊಪ್ಪೆ ಘಟ್ಟ ಬರುತ್ತೆ. ಎಡಬಿಡದ ತಿರುವು, ಎದುರಿಂದ ಲಾರಿ, ಡಿಸೆಂಬರ್‌ನಲ್ಲಿ ಮಂಜು. ಕಾರೇ ಬೇಕು ಅಂದ್ರೆ ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಡಿ, ಆ ದಿನ ಪ್ರಯಾಣಕ್ಕೇ ಮೀಸಲು.

ಧಾರವಾಡ_ಪೇಢೆ
ರಾತ್ರಿ ಘಾಟ್ ಇಳಿಯೂದು ಬ್ಯಾಡ, ಒಪ್ಪಿದೆ. ಹಗಲ ಹೊತ್ತಿನ್ಯಾಗ ಕಾರ್ ತಗೊಂಡು ಹೋಗೋರಿಗೆ ಹೇಳ್ತೇನಿ: ಇಳಿಜಾರಿನ್ಯಾಗ ಬ್ರೇಕ್ ಮ್ಯಾಲೆ ಕಾಲಿಟ್ಟಗೊಂಡು ಇಳಿಬ್ಯಾಡ್ರಿ, ಎರಡು ಇಲ್ಲಾ ಮೂರನೇ ಗೇರಿನ್ಯಾಗ ಇಳೀರಿ. ಬ್ರೇಕ್ ಕಾದು ಸುಟ್ಟ ವಾಸನಿ ಬಂತಂದ್ರ ಅಗಲ ಜಾಗಾ ನೋಡಿ ಅರ್ಧಾ ತಾಸು ನಿಲ್ಲಸ್ರಿ. ಕಾದ ಚಕ್ರಕ್ಕ ನೀರು ಹಾಕಬ್ಯಾಡ್ರಿ, ಡಿಸ್ಕ್ ಸೊಟ್ಟ ಆಗ್ತದ.

ಹೆದ್ದಾರಿ 66ರಾಗ ಕೆಲವು ಕಡೆ ಕೆಲಸ ಮುಗಿಯದ್ದಕ್ಕ ನಾಲ್ಕು ಲೇನ್ ಇದ್ದಕ್ಕಿದ್ದಂಗ ಎರಡಾಗ್ತದ. ಡಿವೈಡರ್ ಸಂದಿನ್ಯಾಗಿಂದ ಬೈಕು, ದನ ಎರಡೂ ಬರ್ತಾವ. ಕತ್ತಲಾದ ಮ್ಯಾಲೆ 60ರ ಮ್ಯಾಲೆ ಹೋಗಬ್ಯಾಡ್ರಿ.

ಘಟ್ಟದ_ಮೇಲಿನವರು
ಜೋಗದ ಬಗ್ಗೆ ಯಾರೂ ಹೇಳಲೇ ಇಲ್ಲ. ಡಿಸೆಂಬರ್‌ನಲ್ಲಿ ಜೋಗ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ವಿದ್ಯುತ್‌ಗೆ ಹೋಗುತ್ತದೆ. ಮಳೆ ನಿಂತ ಮೇಲೆ 253 ಮೀಟರ್ ಬಂಡೆಯ ಮೇಲೆ ಉಳಿಯೋದು ಬೆಳ್ಳಿ ಎಳೆಗಳಷ್ಟೇ. ಬಂಡೆಯ ಗಾತ್ರ ನೋಡೋಕೆ ಹೋಗೋದಾದರೆ ಅಡ್ಡಿಲ್ಲ. ತುಂಬಿದ ಜೋಗ ಬೇಕೆಂದರೆ ಆಗಸ್ಟ್, ಸೆಪ್ಟೆಂಬರ್.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ 116 ಮೀಟರಿನ ಉಂಚಳ್ಳಿಯಲ್ಲಿ ಡಿಸೆಂಬರ್ ಮೊದಲ ಭಾಗದಲ್ಲೂ ನೋಡುವಷ್ಟು ನೀರಿರುತ್ತದೆ. ಆದರೆ ಅಲ್ಲಿ ವಾಹನ ಇಳಿದು ನಡೆಯಬೇಕು, ವೀಕ್ಷಣಾ ಕಟ್ಟೆಗೆ ಮೆಟ್ಟಿಲಿಳಿಯಬೇಕು. ಈ ಕುಟುಂಬಕ್ಕೆ ಯಾಣವೇ ಸೂಕ್ತ.

ಯಾಣಕ್ಕೆ ಕುಮಟಾದಿಂದ ಕತಗಾಲ, ಆನೆಗುಂದಿ ಮೇಲೆ ಹೋಗಬೇಕು. ವಾಹನ ನಿಲ್ಲುವಲ್ಲಿಂದ ನೆರಳಿನ ದಾರಿ ಬಹುಪಾಲು ಸಮತಟ್ಟು, ಮೆಟ್ಟಿಲು ಬರೋದು ಕೊನೆಗೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪುಗಟ್ಟಿದ ಸುಣ್ಣದಕಲ್ಲು. ದೇವಸ್ಥಾನದ ಹಿಂದೆ ಬಂಡೆಯ ಬಿರುಕಿನ ಒಳಗೇ ಪ್ರದಕ್ಷಿಣೆ ಹಾಕಬಹುದು. ಬರಿಗಾಲು, ಒದ್ದೆ ನೆಲ, ಏರುಪೇರು ಕಲ್ಲು. ತಂದೆಯವರು ಗರ್ಭಗುಡಿಯವರೆಗೆ ಬಂದು ಕುಳಿತರೆ ಸಾಕು, ಅಲ್ಲಿಂದಲೇ ಶಿಖರ ಪೂರ್ತಿ ಕಾಣುತ್ತದೆ. ಬಂಡೆಯ ಮೇಲ್ಭಾಗದಲ್ಲಿ ಹೆಜ್ಜೇನು ಕಟ್ಟಿರುತ್ತವೆ. ಹೊಗೆ, ಕಲ್ಲೆಸೆತ, ಕೂಗಾಟ ಏನೂ ಬೇಡ, ಮಕ್ಕಳಿಗೆ ಮೊದಲೇ ಹೇಳಿ. ತಿಂಡಿ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ನಡೆದರೆ ಮಂಗ ಕಿತ್ತುಕೊಳ್ಳುತ್ತದೆ.

ಬೆಳಿಗ್ಗೆ ಎಂಟೂವರೆಗೆ ಅಲ್ಲಿರಿ. ಹತ್ತೂವರೆ ನಂತರ ಬಸ್ಸುಗಟ್ಟಲೆ ಶಾಲಾ ಪ್ರವಾಸದವರು ಬರುತ್ತಾರೆ, ಡಿಸೆಂಬರ್ ಅವರದ್ದೇ ತಿಂಗಳು.

ಅಲೆಗಾರ
ಯಾಣದ ಜೊತೆ ವಿಭೂತಿ ಜಲಪಾತ ಸೇರಿಸಬಹುದಲ್ಲ? ಹತ್ತಿರವೇ.

ಘಟ್ಟದ_ಮೇಲಿನವರು
ಅಚವೆ ಕಡೆಯ ರಸ್ತೆಯಲ್ಲಿ ಸೇರುತ್ತದೆ. ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ, ಬುಡದಲ್ಲಿ ಕೊಳವಿದೆ. ಬಂಡೆ ಪಾಚಿಗಟ್ಟಿರುತ್ತದೆ, ರಬ್ಬರ್ ಚಪ್ಪಲಿ ನಿಲ್ಲದು. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಸಿ. ಹಿರಿಯರು ಯಾಣ ನೋಡಿಯಾದ ಮೇಲೆ ಕಾರಿನಲ್ಲೇ ಕೂರಲಿ, ಎರಡು ಕಡೆ ನಡಿಗೆ ಒಂದೇ ದಿನ ಬೇಡ.

ಆ ದಾರಿಯಲ್ಲಿ ಬಹುಪಾಲು ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆ ಹೋಟೆಲಿನಲ್ಲೇ ಇಳಿಸಿಕೊಳ್ಳಿ, ಪೆಟ್ರೋಲ್ ಕುಮಟಾದಲ್ಲೇ ತುಂಬಿಸಿ, ಸಣ್ಣ ನೋಟು ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯದು.

ಸಹ್ಯಾದ್ರಿ_ವೈದ್ಯ
ಕಾಡಿಗೆ ಹೋಗುವವರು ಗಮನಿಸಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಸಿದ್ದಾಪುರ, ಹೊನ್ನಾವರ ತಾಲೂಕುಗಳ ಕಾಡಂಚಿನಲ್ಲಿ ಪ್ರಕರಣಗಳು ಬಂದಿವೆ. ಹರಡುವುದು ಉಣುಗಿನಿಂದ. ತರಗೆಲೆಯ ಮೇಲೆ ಕೂರಬೇಡಿ, ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿ, ಸತ್ತ ಮಂಗ ಕಂಡರೆ ದೂರವಿದ್ದು ಅರಣ್ಯ ಇಲಾಖೆಗೆ ತಿಳಿಸಿ. ಸಂಜೆ ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸಿ. ಹಿಂದಿರುಗಿದ ಒಂದು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಸಿಮೆಂಟು ಹಾದಿಯಲ್ಲಿ ನಡೆದು ಬರುವವರು ಹೆದರಬೇಕಿಲ್ಲ.

ಮಿಡಿ_ಉಪ್ಪಿನಕಾಯಿ
ಉಂಬಳ ಇರುತ್ತಾ ಡಿಸೆಂಬರ್‌ನಲ್ಲಿ?

ಘಟ್ಟದ_ಮೇಲಿನವರು
ಒಣ ದಾರಿಯಲ್ಲಿ ಇಲ್ಲ. ಹೊಳೆಯಂಚಿನಲ್ಲಿ ಒಂದೆರಡು ಹತ್ತಬಹುದು. ಉಪ್ಪು ಹಚ್ಚಿ, ಬಿಡುತ್ತದೆ.

ರಥಬೀದಿ
ಗೋಕರ್ಣ ದೇವಸ್ಥಾನದ ವಿಷಯ ಯಾರೂ ಬರೆದಿಲ್ಲ, ಹೆಚ್ಚಿನವರು ಬಾಗಿಲವರೆಗೆ ಬಂದು ಪೇಚಾಡೋದು ಇದಕ್ಕೇ. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಪಂಚೆ ಉಟ್ಟು ಅಂಗಿ ತೆಗೆದು ಹೋಗಬೇಕು, ಹೆಂಗಸರಿಗೆ ಸೀರೆ ಇಲ್ಲಾ ಚೂಡಿದಾರ್. ಚಡ್ಡಿ, ಜೀನ್ಸ್ ನಡೆಯೋದಿಲ್ಲ. ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ಸಂಜೆ ತೆಗೀತಾರೆ. ಬೀಚು ಮುಗಿಸಿ ಒಂದು ಗಂಟೆಗೆ ಬಂದವರಿಗೆ ಸಿಗೋದು ಮುಚ್ಚಿದ ಬಾಗಿಲು. ಕ್ರಮ ಹೀಗೆ: ಸಮುದ್ರಸ್ನಾನ, ಕೋಟಿತೀರ್ಥ, ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಆತ್ಮಲಿಂಗ ಪೂರ್ತಿ ಕಣ್ಣಿಗೆ ಕಾಣಲ್ಲ, ಪಾಣಿಪೀಠದ ನಡುವಿನ ಕುಳಿಯಲ್ಲಿ ಬೆರಳಿಗೆ ತಾಗುತ್ತೆ. ಸರತಿ ಕಡಿಮೆ ಇರೋದು ವಾರದ ದಿನ ಬೆಳಿಗ್ಗೆ ಏಳರೊಳಗೆ.

ರಥಬೀದಿ ಇಕ್ಕಟ್ಟು, ಕಾರು ಒಳಗೆ ತರಬೇಡಿ. ಹೊರಗೆ ನಿಲ್ಲಿಸಿ ಆಟೋ ಹಿಡೀರಿ, ಅಪ್ಪನಿಗೆ ನಡಿಗೆಯೂ ಉಳಿಯುತ್ತೆ.

ಕುಮಟೆ_ಗಾಳಿ
ಆತ್ಮಲಿಂಗದ ಕತೆಯ ಐದೂ ಕ್ಷೇತ್ರ ಇದೇ ಕರಾವಳಿಯಲ್ಲಿವೆ. ಕುಮಟಾದಿಂದ ದಕ್ಷಿಣಕ್ಕೆ ಹೊರಟ್ರೆ ಧಾರೇಶ್ವರ, ಗುಣವಂತೆ, ಮುರುಡೇಶ್ವರ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ರಾವಣ ಎಸೆದ ಸಂಪುಟ (ಲಿಂಗ ಇಟ್ಟಿದ್ದ ಪೆಟ್ಟಿಗೆ) ಬಿದ್ದಿದ್ದು ಮುರುಡೇಶ್ವರದಲ್ಲಿ ಅಂತಾರೆ.

ರಥಬೀದಿ
ಅಲ್ಲ. ಸಂಪುಟ ಕಾರವಾರದ ಸೆಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಹೊದಿಸಿದ್ದ ವಸ್ತ್ರ ಮುರುಡೇಶ್ವರದಲ್ಲಿ. ಮಕ್ಕಳಿಗೆ ಕತೆ ಹೇಳ್ತಾ ಹೋಗೋರು ಸರಿಯಾಗಿ ಹೇಳಲಿ. ಗುಣವಂತೆ ಕೆರೆಮನೆ ಯಕ್ಷಗಾನ ಮಂಡಳಿಯ ನೆಲೆಯೂ ಹೌದು. ಇಡಗುಂಜಿ ಮಹಾಗಣಪತಿ ಹೆಸರಿನ ಆ ಮೇಳ ಕಟ್ಟಿದ್ದು 1934ರಲ್ಲಿ. ಡಿಸೆಂಬರ್ ಅಂದ್ರೆ ಬಯಲಾಟದ ಹಂಗಾಮು, ಕುಮಟಾ, ಹೊನ್ನಾವರ ಪೇಟೆಯ ಗೋಡೆ ಮೇಲಿನ ಪೋಸ್ಟರ್ ನೋಡ್ತಾ ಇರಿ.

ರಾಜಾಜಿನಗರ_ಪಯಣಿಗ
ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ತುಂಬಾ ಧನ್ಯವಾದ. ರೈಲು ಅಂತ ನಿರ್ಧಾರ ಆಯ್ತು. ಜೋಗ, ದಾಂಡೇಲಿ ಇಲ್ಲ. ಮಕ್ಕಳು ನೀರಿಗಿಳಿಯೋದು ಎಲ್ಲಿ ಸುರಕ್ಷಿತ? ಮುರುಡೇಶ್ವರದಲ್ಲಿ ಎಷ್ಟು ಹೊತ್ತು ಬೇಕು?

ಕಡಲ_ಕಾವಲು
ಜೀವರಕ್ಷಕರಿದ್ದು ಬಾವುಟ ಹಾಕಿದ ಕಡೆ ಮಾತ್ರ ಇಳೀರಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಮಳೆಗಾಲವಲ್ಲ, ಡಿಸೆಂಬರ್. ಕಡಲು ಶಾಂತವಾಗಿದೆ ಅಂತ ಕಂಡಾಗಲೂ ಒಳಸೆಳೆತ ಇರುತ್ತದೆ.

ಗುರುತಿಸೋದು ಹೀಗೆ. ಎರಡೂ ಬದಿ ಅಲೆ ಒಡೆದು ನೊರೆ ಬರ್ತಿರುವಾಗ ನಡುವೆ ಒಂದು ಪಟ್ಟಿ ಅಲೆಯಿಲ್ಲದೆ ಸಪ್ಪಗೆ, ಕಡುಬಣ್ಣವಾಗಿ ಕಾಣುತ್ತದೆ. ಜನ ಅದೇ ಒಳ್ಳೆ ಜಾಗ ಅಂದ್ಕೊಂಡು ಅಲ್ಲೇ ಇಳೀತಾರೆ. ದಡಕ್ಕೆ ಬಂದ ನೀರು ಒಳಗೆ ಹಿಂದಿರುಗೋ ಕಾಲುವೆ ಅದು. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜು ಬೇಡ, ಸುಸ್ತಾಗಿ ಮುಳುಗೋದು ಅದರಿಂದಲೇ. ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಈಜು ಬಾರದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ.

6 ವರ್ಷದ ಮಗುವಿಗೆ ಮೊಣಕಾಲುದ್ದ ನೀರು ಸಾಕು, ದೊಡ್ಡವರ ಕೈ ಅದರ ಮಣಿಕಟ್ಟಿನ ಮೇಲಿರಲಿ. ಬೆರಳು ಹಿಡಿದ್ರೆ ಅಲೆ ಬಂದಾಗ ಜಾರಿಹೋಗುತ್ತೆ. ಓಂ ಬೀಚಿನ ನಡುವಿನ ಬಂಡೆಗಳ ಮೇಲೆ ಫೋಟೋಗೆ ಹತ್ತೋದು ಬೇಡ, ಇಳಿತದ ಹೊತ್ತಲ್ಲಿ ಬರಿದಾದ ಭಾಗವೇ ಹೆಚ್ಚು ಜಾರೋದು. ಅಳಿವೆ ಬಾಯಿಯಲ್ಲಿ ಯಾರೂ ಇಳಿಯಬಾರದು.

ಅಲೆಗಾರ
ಮುರುಡೇಶ್ವರಕ್ಕೆ ಮೂರು ತಾಸು ಸಾಕು. 123 ಅಡಿ ಶಿವನ ಪ್ರತಿಮೆ, 20 ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇದೆ, ಹಾಗಾಗಿ ಅಪ್ಪನಿಗೆ ತೊಂದರೆಯಿಲ್ಲ. ಲಿಫ್ಟಿನ ಸಾಲು ಬೆಳಿಗ್ಗೆ ಬೇಗ ಚಿಕ್ಕದು, ಮೊದಲು ಅಲ್ಲಿ ನಿಲ್ಲಿ. ಬಿಸಿಲೇರಿದ ಮೇಲೆ ಕಲ್ಲಿನ ಮೆಟ್ಟಿಲು ಕಾಲು ಸುಡುತ್ತೆ, ಹಳೆ ಸಾಕ್ಸ್ ಇಟ್ಕೊಳ್ಳಿ.

ಮುರುಡೇಶ್ವರದಾಚೆ ಸಮುದ್ರದಲ್ಲಿರೋ ನೇತ್ರಾಣಿ ದ್ವೀಪದ ಡೈವಿಂಗ್ ಈ ಗುಂಪಿಗೆ ಬೇಡ, ಪೂರ್ತಿ ಅರ್ಧ ದಿನ ಹೋಗುತ್ತೆ. ಬೇರೆಯವರಿಗೆ ಒಂದು ಎಚ್ಚರಿಕೆ: ಡೈವ್ ಆದ 18–24 ಗಂಟೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು, ಅದೇ ಸಂಜೆ ಘಟ್ಟ ಹತ್ತಬಾರದು ಅನ್ನೋದು ಗೊತ್ತಿರಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ದೇಹದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗೋ ಅಪಾಯ ಇದೆ. ಆ ರಾತ್ರಿ ಕೆಳಗೇ ಉಳೀರಿ.

ಕಗ್ಗದ_ಗದ್ದೆ
ಒಂದು ದಿನ ಅಳಿವೆಗೆ ಇಡಿ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿ) ಸೇರಿದೆ, ಆದರೂ ಗೋಕರ್ಣಕ್ಕೆ ಬರೋ ಬಹುಪಾಲು ಜನ ಸೇತುವೆ ಮೇಲಿಂದ ಒಂದು ಫೋಟೋ ಹೊಡೆದು ಹೋಗ್ತಾರೆ. ನನಗೆ ಅದು ಬೇಜಾರು.

ಬೆಳಿಗ್ಗೆ ಎಂಟಕ್ಕೆ ಮಿರ್ಜಾನ್ ಕೋಟೆ. ಹೆದ್ದಾರಿಯಿಂದ ಅರ್ಧ ಕಿ.ಮೀ ಅಷ್ಟೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಇಲ್ಲಿಂದ ಕಾಳುಮೆಣಸು ಸಾಗಿಸುತ್ತಿದ್ದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಕೋಟೆ ತಲುಪಿ ಹಡಗು ಹತ್ತೋದು, ಕೋಟೆ ಇಲ್ಲೇ ಯಾಕಿದೆ ಅಂದ್ರೆ ಅದಕ್ಕೆ. ಜಂಬಿಟ್ಟಿಗೆ ಗೋಡೆ, ಕಂದಕ, ಬಾವಿ ನೋಡಿ. ಒಳಗೆ ನೆರಳು ಕಡಿಮೆ, ಹತ್ತರ ಮೇಲೆ ಹಿರಿಯರಿಗೆ ಆಗಲ್ಲ. ಬಾವಿ ಕಟ್ಟೆ ಹತ್ರ ಮಕ್ಕಳನ್ನು ಬಿಡಬೇಡಿ.

ಅಲ್ಲಿಂದ ಮಾದನಗೇರಿಯಲ್ಲಿ ತಿರುಗಿ ಸಾಣಿಕಟ್ಟಾ. ಉಪ್ಪು ತೆಗೆಯೋದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ಆಗರದ ನೀರಲ್ಲಿ ವಲಸೆ ಹಕ್ಕಿಗಳು ಸಿಗುತ್ತವೆ, ದುರ್ಬೀನು ತನ್ನಿ. ಆಮೇಲೆ ತದಡಿ ಬಂದರು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ಜನ ದಾಟುತ್ತಾರೆ. ಕಾರು ಇರೋರು ಮಿರ್ಜಾನ್ ಸುತ್ತಿಯೇ ಹೋಗಬೇಕು ಅಂತ ಲೆಕ್ಕ ಹಾಕಿ. ಇಳಿತದ ಹೊತ್ತಿಗೆ ಹೋದರೆ ಹೆಂಗಸರು ಸೊಂಟದುದ್ದ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕೋದು ಕಾಣುತ್ತೆ. ಉಬ್ಬರ–ಇಳಿತ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಹಿಂದಿನ ದಿನ ಸ್ಥಳೀಯರನ್ನು ಕೇಳಿ 50 ನಿಮಿಷ ಸೇರಿಸಿ.

ಗಜನಿ ಗದ್ದೆಗಳಲ್ಲಿ ಬೆಳೆಯೋ ಕಗ್ಗ ಭತ್ತ ಉಪ್ಪುನೀರು ತಡೆಯುತ್ತೆ, ನೆರೆಯಲ್ಲಿ ಮುಳುಗಿದ್ರೂ ಬದುಕುತ್ತೆ. ಅಕ್ಕಿ ಸಿಕ್ಕರೆ ಕೊಳ್ಳಿ, ಗಂಜಿಗೆ ಒಳ್ಳೇದು. ಬೆಳೆಯೋರು ಕಡಿಮೆಯಾಗ್ತಿದ್ದಾರೆ, ಕೊಳ್ಳೋರಿದ್ದರೆ ಬೆಳೀತಾರೆ.

ಮಿಡಿ_ಉಪ್ಪಿನಕಾಯಿ
ಊಟದ ಬಗ್ಗೆ ನಾನು ಬರೀತೀನಿ. ಮೀನು ತಿನ್ನೋರಿಗೆ ಡಿಸೆಂಬರ್ ಸುಗ್ಗಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರೋದ್ರಿಂದ ಆಗ ಹೋಟೆಲಲ್ಲಿ ಸಿಗೋದು ಹೆಚ್ಚಾಗಿ ಐಸಿನ ಮೀನು. ಈಗ ಬಂಗುಡೆ, ನೊಗಲಿ, ಬಳಚು ಕೇಳಿ. ಸಸ್ಯಾಹಾರಿಗಳಿಗೆ ತೆಳ್ಳೇವು (ತೆಳು ದೋಸೆ), ತಂಬುಳಿ, ಅಪ್ಪೆಹುಳಿ. ಪೇಟೆ ಹೋಟೆಲಲ್ಲಿ ಸಿಗೋದು ಅಪರೂಪ. ಹವ್ಯಕರ ಮನೆಯೂಟ ಕೊಡೋ ಹೋಂಸ್ಟೇಗೆ ಹಿಂದಿನ ರಾತ್ರಿಯೇ ಹೇಳಿದ್ರೆ ಮಾಡಿಡ್ತಾರೆ.

ಧಾರವಾಡ_ಪೇಢೆ
ತೊಡದೇವು ಮರೆತ್ರಲ್ರೀ!

ಮಿಡಿ_ಉಪ್ಪಿನಕಾಯಿ
ಮರೆತಿಲ್ಲ. ಬೋರಲು ಹಾಕಿದ ಮಡಕೆ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು ತೆಳ್ಳಗೆ ಎಳೆದು ತೆಗೆಯೋದು. ಆಲೆಮನೆ ಶುರುವಾಗೋ ಜನವರಿ ನಂತರವೇ ತಾಜಾ ಸಿಗೋದು. ಅಂಗಡಿಯಲ್ಲಿ ಕೊಂಡ್ರೆ ಗಾಳಿಯಾಡದ ಡಬ್ಬಿಗೆ ಹಾಕಿ, ಕರಾವಳಿಯ ಹವೆಗೆ ಮೆತ್ತಗಾಗುತ್ತೆ.

ರಾಜಾಜಿನಗರ_ಪಯಣಿಗ
ಹಾಗಾದ್ರೆ ಹೀಗೆ: ಶುಕ್ರವಾರ ಕುಮಟಾ ಇಳಿದು ವಿಶ್ರಾಂತಿ, ಸಂಜೆ ಬಾಡ ಬೀಚ್. ಶನಿವಾರ ಗೋಕರ್ಣ. ಭಾನುವಾರ ಮುರುಡೇಶ್ವರ, ಇಡಗುಂಜಿ, ಕಾಸರಕೋಡ. ಸೋಮವಾರ ಯಾಣ, ಶಿರಸಿ, ಬನವಾಸಿ ನೋಡಿ ಸಂಜೆ ಕುಮಟಾದಲ್ಲಿ ರೈಲು. ಸರಿಯಾ?

ಘಟ್ಟದ_ಮೇಲಿನವರು
ಸೋಮವಾರದ್ದು ಆಗದು. ಕುಮಟಾದಿಂದ ಬನವಾಸಿ ಒಂದು ಕಡೆಗೇ 80 ಕಿ.ಮೀ ದಾಟುತ್ತದೆ, ನಡುವೆ ದೇವಿಮನೆ ಘಟ್ಟ. ರಸ್ತೆ ಕೆಲಸಕ್ಕೋ ಗುಡ್ಡ ಕುಸಿದೋ ಅಲ್ಲಿ ಸಂಚಾರ ನಿಂತರೆ ರೈಲು ತಪ್ಪಿದಂತೆಯೇ. ಬನವಾಸಿಯನ್ನು ಹೀಗೆ ಮುಟ್ಟಿ ಓಡಬೇಡಿ. ಕದಂಬರ ರಾಜಧಾನಿ ಅದು, ಮಧುಕೇಶ್ವರ ದೇವಸ್ಥಾನದ ತ್ರಿಲೋಕ ಮಂಟಪ, ಕಲ್ಲಿನ ಮಂಚ ನೋಡೋಕೇ ಎರಡು ತಾಸು ಬೇಕು. ಶಿರಸಿಯಲ್ಲಿ ಉಳಿದು ಮಾರಿಕಾಂಬೆ, ಸೋದೆ, ಸಹಸ್ರಲಿಂಗ, ಬನವಾಸಿ ಅಂತ ಬೇರೆಯೇ ಪ್ರವಾಸ ಮಾಡಿ, ಹಾವೇರಿವರೆಗೆ ರೈಲಿದೆ. ಫೆಬ್ರವರಿ ಒಳ್ಳೆಯದು. ಸಹಸ್ರಲಿಂಗ ಇರುವ ಶಾಲ್ಮಲಾ ಹೊಳೆಯಲ್ಲಿ ನೀರಿಳಿದು ಲಿಂಗಗಳೆಲ್ಲ ಕಾಣುತ್ತವೆ.

ರಥಬೀದಿ
ಗೋಕರ್ಣ ಶನಿವಾರ ಬೇಡ, ಸೋಮವಾರಕ್ಕೆ ಹಾಕಿ. ಬೆಳಿಗ್ಗೆ ಆರಕ್ಕೆ ಕುಮಟಾ ಬಿಡಿ, ದರ್ಶನ ಎಂಟಕ್ಕೆ ಮುಗಿಯುತ್ತೆ. ವಾಪಸ್ ಬರುವಾಗ ಸಾಣಿಕಟ್ಟಾ.

ಕಗ್ಗದ_ಗದ್ದೆ
ಮಿರ್ಜಾನ್ ಕೋಟೆ ಶುಕ್ರವಾರ ಸಂಜೆ ನಾಲ್ಕಕ್ಕೂ ಆಗುತ್ತೆ, ಬಿಸಿಲು ಇಳಿದಿರುತ್ತೆ. ಮುಚ್ಚೋ ಹೊತ್ತು ಮಾತ್ರ ಕೇಳ್ಕೊಳ್ಳಿ.

ಕಡಲ_ಕಾವಲು
ಕಾಸರಕೋಡಕ್ಕೆ ಭಾನುವಾರ ಸಂಜೆ ಬದಲು ಶನಿವಾರ ಸಂಜೆ ಹೋಗಿ, ಭಾನುವಾರ ಸುತ್ತಲಿನ ಊರಿನವರೂ ಬರ್ತಾರೆ. ಯಾಣ ಭಾನುವಾರ ಬೆಳಿಗ್ಗೆ ಬೇಗ ಮುಗಿಸಿ ಮಧ್ಯಾಹ್ನ ಮಲಗಿ. ಆ ತೀರದಲ್ಲಿ ಜನವರಿ ಆಸುಪಾಸಿಗೆ ಕಡಲಾಮೆ ಮೊಟ್ಟೆ ಇಡೋಕೆ ಬರುತ್ತೆ. ಕತ್ತಲಾದ ಮೇಲೆ ಮರಳಿನ ಮೇಲೆ ಟಾರ್ಚು, ಮೊಬೈಲ್ ಬೆಳಕು ಬೇಡ.

ರಾಜಾಜಿನಗರ_ಪಯಣಿಗ
ಅಡ್ಡಿಲ್ಲ, ಹಾಗೇ ಬದಲಿಸಿದೆ. ಶನಿವಾರ ಮುರುಡೇಶ್ವರ, ಇಡಗುಂಜಿ, ಕಾಸರಕೋಡ, ಭಾನುವಾರ ಯಾಣ, ಸೋಮವಾರ ಗೋಕರ್ಣ. ಕೊನೇ ಪ್ರಶ್ನೆ: ಹೋಗುವಾಗ ರೈಲಲ್ಲಿ ಸಮುದ್ರ ಯಾವ ಕಡೆ ಕಾಣುತ್ತೆ?

ಹಳಿ_ಜೋಡಿ
ಉತ್ತರಕ್ಕೆ ಹೋಗುವಾಗ ಎಡಕ್ಕೆ ಪಶ್ಚಿಮ, ಬಲಕ್ಕೆ ಬೆಟ್ಟ. ಸಮುದ್ರ ಕಾಣೋದು ಕಡಿಮೆ, ನದಿಗಳೇ ಹೆಚ್ಚು. ಭಟ್ಕಳ ಬಂದಾಗ ಮಕ್ಕಳನ್ನು ಎಬ್ಬಿಸಿ. ಹೊನ್ನಾವರ ಹತ್ರ ಶರಾವತಿ ಸೇತುವೆ ಎರಡು ಕಿ.ಮೀ ಉದ್ದ ಇದೆ, ಅದನ್ನು ದಾಟಿ ಮುಂದಿನ ನಿಲ್ದಾಣಕ್ಕೇ ಸಾಮಾನು ಬಾಗಿಲ ಹತ್ರ ತಂದಿಡಿ. ಕುಮಟಾದಲ್ಲಿ ನಿಲ್ಲೋದು ಒಂದೆರಡು ನಿಮಿಷ ಅಷ್ಟೇ.